ಹೆಸರಿನ ಪಕ್ಕದ ಬಾವುಟ: ಶ್ವೆಡೋವಾ ಹಿಡಿದ ದಾರಿ ಮತ್ತು ರಷ್ಯಾ ತೊರೆಯುತ್ತಿರುವ ಟೆನಿಸ್ ಆಟಗಾರ್ತಿಯರು

2007ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ಮಹಿಳಾ ವೃತ್ತಿಪರ ಟೆನಿಸ್‌ನ ಡಬ್ಲ್ಯುಟಿಎ ಟೂರ್ನಿಯ ಫೈನಲ್ ನಡೆಯಿತು. ಹಿಂದಿನ ವರ್ಷ ಇದೇ ಅಂಕಣದಲ್ಲಿ ಪ್ರಶಸ್ತಿ ಗೆದ್ದಿದ್ದ ಇಟಲಿಯ ಮಾರಾ ಸಾಂಟಾಂಜೆಲೊ ಅವರನ್ನು ಮಾಸ್ಕೋದಲ್ಲಿ ಹುಟ್ಟಿದ ಹತ್ತೊಂಬತ್ತು ವರ್ಷದ ಯಾರೊಸ್ಲಾವಾ ಶ್ವೆಡೋವಾ 6–4, 6–4ರಿಂದ ಸೋಲಿಸಿದರು. ಅಂದು ಅವರ ಹೆಸರಿನ ಪಕ್ಕದಲ್ಲಿದ್ದುದು ರಷ್ಯಾದ ಬಾವುಟ. ಮೂರು ವರ್ಷಗಳ ನಂತರ ಅವರು ವಿಂಬಲ್ಡನ್ ಡಬಲ್ಸ್ ಟ್ರೋಫಿಯನ್ನು ಎತ್ತಿ ಹಿಡಿದಾಗ ಆ ಜಾಗದಲ್ಲಿ ಕಜಕಸ್ತಾನದ ಬಾವುಟವಿತ್ತು. ವೃತ್ತಿಜೀವನದಲ್ಲಿ ಹದಿಮೂರು ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದ ಶ್ವೆಡೋವಾ ಅವರಿಗೆ ಡಬ್ಲ್ಯುಟಿಎ ಸಿಂಗಲ್ಸ್‌ನಲ್ಲಿ ದಕ್ಕಿದ್ದು ಬೆಂಗಳೂರಿನ ಆ ಒಂದು ಪ್ರಶಸ್ತಿ ಮಾತ್ರ. ಅಂದರೆ, ರಷ್ಯಾದ ಹೆಸರಿನಲ್ಲಿ ಅವರು ಗೆದ್ದ ಏಕೈಕ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿಗೆ ನಮ್ಮ ಊರಿನ ಪ್ರೇಕ್ಷಕರು ಸಾಕ್ಷಿಯಾಗಿದ್ದರು.

ನಿವೃತ್ತರಾಗಿರುವ ಈ ಆಟಗಾರ್ತಿಯನ್ನು ಈಗ ನೆನಪಿಸಿಕೊಳ್ಳಲು ಕಾರಣವಿದೆ. 2025ರ ಮಾರ್ಚ್‌ನಲ್ಲಿ ದಾರಿಯಾ ಕಸತ್ಕಿನಾ ರಷ್ಯಾವನ್ನು ಬಿಟ್ಟು ಆಸ್ಟ್ರೇಲಿಯಾದ ಪರ ಆಡುವುದಾಗಿ ಪ್ರಕಟಿಸಿದರು. ಅದೇ ವರ್ಷ ಮುಗಿಯುವಷ್ಟರಲ್ಲಿ ಅನಸ್ತಾಸಿಯಾ ಪೊಟಪೋವಾ ಆಸ್ಟ್ರಿಯಾವನ್ನೂ, ಕಮಿಲ್ಲಾ ರಖಿಮೋವಾ, ಪೊಲಿನಾ ಕುದೆರ್ಮೆತೋವಾ ಮತ್ತು ಮಾರಿಯಾ ತಿಮೊಫೀವಾ ಉಜ್ಬೆಕಿಸ್ತಾನವನ್ನೂ ಆರಿಸಿಕೊಂಡರು. ಇವರಿಗಿಂತ ಮೊದಲು ವರ್ವಾರಾ ಗ್ರಚೋವಾ ಫ್ರಾನ್ಸ್‌ಗೆ, ಎಲಿನಾ ಅವನೆಸ್ಯಾನ್ ಅರ್ಮೇನಿಯಾಕ್ಕೆ ಹೋಗಿದ್ದರು. ಇಷ್ಟು ಮಂದಿ ಒಬ್ಬರ ಹಿಂದೊಬ್ಬರಂತೆ ಹೊರನಡೆದಾಗ ಎರಡು ಬಗೆಯ ಸಿದ್ಧ ಉತ್ತರಗಳು ಕೇಳಿಬರುತ್ತವೆ. ಒಂದು, ಇದು ತಾಯ್ನಾಡಿಗೆ ಬಗೆದ ದ್ರೋಹ ಎಂಬುದು. ಇನ್ನೊಂದು, ಇದೆಲ್ಲವೂ ಉಕ್ರೇನ್ ಯುದ್ಧದ ಪರಿಣಾಮ ಎಂಬುದು. ಯುದ್ಧ ಆರಂಭವಾಗುವುದಕ್ಕೆ ಹದಿನಾಲ್ಕು ವರ್ಷ ಮೊದಲೇ, 2008ರಲ್ಲಿ, ಇದೇ ದಾರಿಯಲ್ಲಿ ನಡೆದ ಶ್ವೆಡೋವಾ ಅವರ ವೃತ್ತಿಜೀವನವನ್ನು ಹತ್ತಿರದಿಂದ ನೋಡಿದರೆ ಈ ಎರಡೂ ಉತ್ತರಗಳು ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಕಾಲದ ರಷ್ಯಾವನ್ನು ನೋಡಬೇಕು. 2004ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಅನಸ್ತಾಸಿಯಾ ಮಿಸ್ಕಿನಾ ಮತ್ತು ಎಲೆನಾ ಡಿಮೆಂಟಿಯೆವಾ ಎದುರಾದರು, ಇಬ್ಬರೂ ರಷ್ಯಾದವರೇ. ಕೆಲವೇ ವಾರಗಳಲ್ಲಿ ಹದಿನೇಳರ ಮಾರಿಯಾ ಶರಪೋವಾ ವಿಂಬಲ್ಡನ್ ಗೆದ್ದರು. ಸೆಪ್ಟೆಂಬರ್‌ನಲ್ಲಿ ನಡೆದ ಅಮೆರಿಕ ಓಪನ್ ಫೈನಲ್‌ನಲ್ಲಿ ಸ್ವೆತ್ಲಾನಾ ಕುಜ್ನೆತ್ಸೋವಾ ಮತ್ತೆ ಡಿಮೆಂಟಿಯೆವಾ ಅವರನ್ನೇ ಮಣಿಸಿದರು. ಮಹಿಳೆಯರ ರಾಷ್ಟ್ರೀಯ ತಂಡಗಳ ಸ್ಪರ್ಧೆಯಾದ ಫೆಡ್ ಕಪ್ (ಈಗಿನ ಬಿಲ್ಲಿ ಜೀನ್ ಕಿಂಗ್ ಕಪ್) ಅನ್ನು ರಷ್ಯಾ 2004, 2005, 2007 ಮತ್ತು 2008ರಲ್ಲಿ ಗೆದ್ದುಕೊಂಡಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಸಿಂಗಲ್ಸ್‌ನ ಚಿನ್ನ, ಬೆಳ್ಳಿ, ಕಂಚು ಮೂರೂ ಕ್ರಮವಾಗಿ ಡಿಮೆಂಟಿಯೆವಾ, ದಿನಾರಾ ಸಫೀನಾ ಮತ್ತು ವೆರಾ ಜ್ವೊನರೇವಾ ಅವರ ಪಾಲಾದವು. ಆ ವರ್ಷಾಂತ್ಯದ ವಿಶ್ವ ಕ್ರಮಾಂಕದ ಮೊದಲ ಹತ್ತರಲ್ಲಿ ಐವರು ರಷ್ಯಾದವರಿದ್ದರು. ಭಾರತದಲ್ಲಿ ನಡೆದ ಟೂರ್ನಿಗಳಲ್ಲೂ ಇದೇ ಚಿತ್ರ ಕಾಣುತ್ತಿತ್ತು: ಕೋಲ್ಕತ್ತದ ಸನ್‌ಫೀಸ್ಟ್ ಓಪನ್ ಅನ್ನು 2005ರಲ್ಲಿ ಮಿಸ್ಕಿನಾ, 2007ರಲ್ಲಿ ಮಾರಿಯಾ ಕಿರಿಲೆಂಕೊ ಗೆದ್ದರು.

ಇಂಥ ದೇಶದಲ್ಲಿ ವಿಶ್ವದ ಎಪ್ಪತ್ತು–ಎಂಬತ್ತನೆಯ ಸ್ಥಾನದ ಆಸುಪಾಸಿನಲ್ಲಿರುವ ಇಪ್ಪತ್ತರ ಹುಡುಗಿಗೆ ಯಾವ ಜಾಗವಿರುತ್ತದೆ? ಒಲಿಂಪಿಕ್ ಸಿಂಗಲ್ಸ್‌ಗೆ ಒಂದು ದೇಶದಿಂದ ನಾಲ್ವರಿಗೆ ಮಾತ್ರ ಅವಕಾಶ. ಫೆಡ್ ಕಪ್ ತಂಡದಲ್ಲಿಯೂ ನಾಲ್ವರು. ಬೇರೆ ಹಲವು ದೇಶಗಳಲ್ಲಿ ಮೊದಲನೆಯ ಸ್ಥಾನ ಪಡೆಯಬಹುದಾದ ಆಟಗಾರ್ತಿ ರಷ್ಯಾದ ಸರದಿಯಲ್ಲಿ ಹನ್ನೆರಡನೆಯವಳೋ ಹದಿನೈದನೆಯವಳೋ ಆಗಿ ನಿಂತಿರಬೇಕಿತ್ತು. ಮುಂದೆ ನಿಂತವರಲ್ಲಿ ಹೆಚ್ಚಿನವರು ಅವಳ ಓರಗೆಯವರು, ಇಲ್ಲವೇ ಕೆಲವೇ ವರ್ಷ ದೊಡ್ಡವರು. ಅವರು ನಿವೃತ್ತರಾಗುವವರೆಗೆ ಕಾಯುವುದೆಂದರೆ ತನ್ನ ಅತ್ಯುತ್ತಮ ವರ್ಷಗಳನ್ನು ಕಾಯುವುದರಲ್ಲೇ ಕಳೆಯುವುದು.

ತಂಡದ ಜಾಗಕ್ಕಿಂತಲೂ ಹೆಚ್ಚು ಕಾಡುವುದು ಖರ್ಚಿನ ಪ್ರಶ್ನೆ. ಟೆನಿಸ್‌ನಲ್ಲಿ ಆಟಗಾರ್ತಿಯೇ ತನ್ನ ಸಂಸ್ಥೆಯನ್ನು ತಾನೇ ನಡೆಸಬೇಕು. ಕ್ರಿಕೆಟ್ ಮಂಡಳಿಯಂತೆ ಸಂಬಳ ಕೊಡುವವರಿಲ್ಲ, ಫುಟ್‌ಬಾಲ್ ಕ್ಲಬ್ಬಿನಂತೆ ಗುತ್ತಿಗೆಯ ಮೊತ್ತ ನೀಡುವವರೂ ಇಲ್ಲ. ಕೋಚ್‌ನ ಸಂಬಳ, ಫಿಸಿಯೊ, ವಿಮಾನದ ಟಿಕೆಟ್, ಹೋಟೆಲ್ ಎಲ್ಲವೂ ಅವಳದೇ ಹೊಣೆ. ಸುಮಾರು ಮೊದಲ ನೂರು ಸ್ಥಾನಗಳೊಳಗಿದ್ದರೆ ಗ್ರ್ಯಾನ್‌ಸ್ಲಾಮ್‌ನ ಪ್ರಧಾನ ಸುತ್ತಿಗೆ ನೇರ ಪ್ರವೇಶ ಸಿಗುತ್ತದೆ, ಮೊದಲ ಪಂದ್ಯ ಸೋತರೂ ಕೈಗೆ ಒಂದಿಷ್ಟು ಹಣ ಬರುತ್ತದೆ. ಅದರ ಕೆಳಗೆ ಜಾರಿದರೆ ಪ್ರತಿ ವಾರವೂ ಕೈಯಿಂದ ಕಳೆದುಕೊಳ್ಳುವ ವಾರವೇ. ಮೊಣಕಾಲು ಕೈಕೊಟ್ಟರಂತೂ ಆದಾಯ ನಿಂತುಹೋಗುತ್ತದೆ, ಖರ್ಚು ನಿಲ್ಲುವುದಿಲ್ಲ. ಗೆದ್ದವರ ಪಕ್ಕದಲ್ಲಿ ನಿಲ್ಲಲು ಎಲ್ಲರೂ ಬರುತ್ತಾರೆ. ನೂರನೆಯ ಸ್ಥಾನದಿಂದ ಇನ್ನೂರನೆಯ ಸ್ಥಾನಕ್ಕೆ ಜಾರಿದ ವರ್ಷದಲ್ಲಿ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ನೋಡದೆ ಒಬ್ಬ ಆಟಗಾರ್ತಿಯ ನಿಷ್ಠೆಯನ್ನು ಅಳೆಯುವುದು ಅನ್ಯಾಯ.

ಈ ಜಾಗಕ್ಕೇ ಕಜಕಸ್ತಾನ ಬಂದಿತು. ಉದ್ಯಮಿ ಬುಲಾತ್ ಉತೆಮುರಾತೊವ್ 2007ರಲ್ಲಿ ಅಲ್ಲಿನ ಟೆನಿಸ್ ಫೆಡರೇಷನ್ನಿನ ಅಧ್ಯಕ್ಷರಾದರು. ಹೇಳಿಕೊಳ್ಳುವಂಥ ಟೆನಿಸ್ ಪರಂಪರೆಯಿಲ್ಲದ, ಆದರೆ ತೈಲದ ಸಂಪತ್ತುಳ್ಳ ಆ ದೇಶದ ಮುಂದೆ ಎರಡು ದಾರಿಗಳಿದ್ದವು: ಊರೂರಲ್ಲಿ ಅಂಕಣ ಕಟ್ಟಿ, ಮಕ್ಕಳನ್ನು ತಯಾರು ಮಾಡಿ ಹದಿನೈದು ವರ್ಷ ಕಾಯುವುದು ಒಂದು, ನೆರೆಯ ರಷ್ಯಾದಲ್ಲಿ ಜಾಗವಿಲ್ಲದೆ ನಿಂತಿರುವ, ಆಗಲೇ ತಯಾರಾದ ಯುವ ಆಟಗಾರರನ್ನು ಕರೆತರುವುದು ಇನ್ನೊಂದು. ಫೆಡರೇಷನ್ ಎರಡನ್ನೂ ಒಟ್ಟಿಗೆ ಆರಂಭಿಸಿತು. ಎರಡನೆಯದು ಬೇಗ ಫಲ ಕೊಟ್ಟಿತು. 2008ರಲ್ಲಿ ಶ್ವೆಡೋವಾ ಅವರೊಂದಿಗೆ ಗಲಿನಾ ವೊಸ್ಕೊಬೊಯೆವಾ, ಆಂದ್ರೆ ಗೊಲುಬೆವ್, ಮಿಖಾಯಿಲ್ ಕುಕುಶ್ಕಿನ್ ಮೊದಲಾದವರು ಕಜಕಸ್ತಾನಕ್ಕೆ ಬಂದರು. 2010ರಲ್ಲಿ ಗೊಲುಬೆವ್ ಹ್ಯಾಂಬರ್ಗ್ ಟೂರ್ನಿ ಗೆದ್ದರು. ಅದೇ ವರ್ಷ ಕುಕುಶ್ಕಿನ್ ಸೇಂಟ್ ಪೀಟರ್ಸ್‌ಬರ್ಗ್‌ನ ಫೈನಲ್‌ನಲ್ಲಿ ರಷ್ಯಾದ ಮಿಖಾಯಿಲ್ ಯೂಜ್ನಿ ಅವರನ್ನು ಅವರದೇ ನೆಲದಲ್ಲಿ ಸೋಲಿಸಿದರು. 2011ರಲ್ಲಿ ಕಜಕಸ್ತಾನ ಮೊದಲ ಬಾರಿಗೆ ಪುರುಷರ ರಾಷ್ಟ್ರೀಯ ತಂಡಗಳ ಸ್ಪರ್ಧೆಯಾದ ಡೇವಿಸ್ ಕಪ್‌ನ ವಿಶ್ವ ಗುಂಪಿನ ಕ್ವಾರ್ಟರ್‌ಫೈನಲ್ ತಲುಪಿತು.

ಭತ್ತ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸಿಮಡಿ ಒಬ್ಬರದು, ನಾಟಿ ಮಾಡಿಸಿಕೊಂಡ ಗದ್ದೆ ಇನ್ನೊಬ್ಬರದು. ಬಿತ್ತಿ, ನೀರುಣಿಸಿ, ಹಕ್ಕಿ ಕಾಯ್ದವರಿಗೆ ತೆನೆ ಸಿಗಲಿಲ್ಲ ಎನ್ನುವುದು ನಿಜ. ಆದರೆ ಒತ್ತೊತ್ತಾಗಿ ಬೆಳೆದ ಸಸಿಯನ್ನು ಕಿತ್ತು ಬೇರೆಡೆ ನೆಡದಿದ್ದರೆ ಅದು ಮಡಿಯಲ್ಲೇ ಹಳದಿಯಾಗುತ್ತಿತ್ತು ಎನ್ನುವುದೂ ಅಷ್ಟೇ ನಿಜ.

ನಾಟಿಯಾದ ಸಸಿ ಹೇಗೆ ಬೆಳೆಯಿತು ಎಂಬುದಕ್ಕೆ ಶ್ವೆಡೋವಾ ಅವರ ಮುಂದಿನ ಎಂಟು ವರ್ಷಗಳೇ ಉತ್ತರ. 2009ರ ಅಮೆರಿಕ ಓಪನ್‌ನಲ್ಲಿ ಅವರು ಐದನೇ ಶ್ರೇಯಾಂಕದ ಯೆಲೆನಾ ಯಾಂಕೊವಿಚ್ ಅವರನ್ನು ಮೂರನೇ ಸೆಟ್‌ನ ಟೈಬ್ರೇಕರ್‌ನಲ್ಲಿ ಮಣಿಸಿದರು. 2010ರಲ್ಲಿ ಅಮೆರಿಕದ ವಾನಿಯಾ ಕಿಂಗ್ ಜೊತೆಗೂಡಿ, ಶ್ರೇಯಾಂಕವೂ ಇಲ್ಲದ ಜೋಡಿಯಾಗಿ ವಿಂಬಲ್ಡನ್ ಡಬಲ್ಸ್ ಗೆದ್ದರು. ಎರಡು ತಿಂಗಳ ನಂತರ ಅಮೆರಿಕ ಓಪನ್ ಕೂಡ ಗೆದ್ದರು. ಆ ಎರಡು ಫೈನಲ್‌ಗಳಲ್ಲಿ ಎದುರು ನಿಂತವರು ಯಾರೆಂದು ಗಮನಿಸಬೇಕು: ವಿಂಬಲ್ಡನ್‌ನಲ್ಲಿ ಎಲೆನಾ ವೆಸ್ನಿನಾ ಮತ್ತು ವೆರಾ ಜ್ವೊನರೇವಾ, ನ್ಯೂಯಾರ್ಕ್‌ನಲ್ಲಿ ಲೀಜೆಲ್ ಹ್ಯೂಬರ್ ಮತ್ತು ನಾದಿಯಾ ಪೆಟ್ರೋವಾ. ನಾಲ್ವರು ಎದುರಾಳಿಗಳಲ್ಲಿ ಮೂವರು ರಷ್ಯಾದವರು. ಯಾರ ಹಿಂದೆ ಸರದಿಯಲ್ಲಿ ನಿಲ್ಲಬೇಕಾಗಿತ್ತೋ ಅವರನ್ನೇ ಎದುರಿಸಿ ಗೆದ್ದದ್ದು ಅವರ ಆಯ್ಕೆಗೆ ಸಿಕ್ಕ ಬಲವಾದ ಸಮರ್ಥನೆ.

ಆದರೆ ನನ್ನ ಮಟ್ಟಿಗೆ 2010ಕ್ಕಿಂತ 2012 ಹೆಚ್ಚು ಹೇಳುತ್ತದೆ. ಮೊಣಕಾಲಿನ ತೊಂದರೆಯಿಂದ ಕ್ರಮಾಂಕದಲ್ಲಿ ಮೊದಲ ನೂರರಿಂದ ಹೊರಗೆ ಜಾರಿದ್ದ ಅವರು ಆ ವರ್ಷ ಫ್ರೆಂಚ್ ಓಪನ್‌ಗೆ ಅರ್ಹತಾ ಸುತ್ತಿನಿಂದ ಬರಬೇಕಾಯಿತು. ಅಲ್ಲಿಂದ ಹೊರಟು ಪ್ರಧಾನ ಸುತ್ತಿನ ನಾಲ್ಕನೇ ಪಂದ್ಯದಲ್ಲಿ ಹಾಲಿ ಚಾಂಪಿಯನ್ ಲಿ ನಾ ಅವರನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿದರು. ಕೆಲವೇ ವಾರಗಳ ನಂತರ ವಿಂಬಲ್ಡನ್‌ಗೆ ವೈಲ್ಡ್ ಕಾರ್ಡ್ (ಸಂಘಟಕರು ನೀಡುವ ವಿಶೇಷ ಅವಕಾಶ) ಮೂಲಕ ಪ್ರವೇಶ ಪಡೆದರು. ಜೂನ್ 30ರಂದು ಮೂರನೇ ಸುತ್ತಿನಲ್ಲಿ ಅವರಿಗೆ ಎದುರಾದವರು ಇಟಲಿಯ ಸಾರಾ ಎರ್ರಾನಿ. ಅದೇ ತಿಂಗಳು ಪ್ಯಾರಿಸ್‌ನಲ್ಲಿ ಫೈನಲ್ ಆಡಿ ಬಂದಿದ್ದವರು, ವಿಂಬಲ್ಡನ್‌ನ ಹತ್ತನೇ ಶ್ರೇಯಾಂಕಿತೆ.

ಆ ಪಂದ್ಯದ ಮೊದಲ ಸೆಟ್ ಅನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಆರು ಗೇಮ್‌ಗಳಲ್ಲಿ ಮೂರು ಶ್ವೆಡೋವಾ ಅವರ ಸರ್ವ್, ಮೂರು ಎರ್ರಾನಿ ಅವರ ಸರ್ವ್. ಪ್ರತಿ ಗೇಮ್‌ಗೆ ನಾಲ್ಕು ಪಾಯಿಂಟ್, ಒಟ್ಟು ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕೂ ಶ್ವೆಡೋವಾ ಅವರ ಪಾಲಾದವು. ಒಂದೇ ಒಂದು ಚೆಂಡು ಬಲೆಗೆ ತಗುಲಿ ಇತ್ತ ಬಿದ್ದಿದ್ದರೂ, ಗೆರೆಯಿಂದ ಒಂದು ಬೆರಳಷ್ಟು ಆಚೆ ಹೋಗಿದ್ದರೂ, ಒಂದು ಡಬಲ್ ಫಾಲ್ಟ್ ಆಗಿದ್ದರೂ ಈ ಲೆಕ್ಕ ಕೆಡುತ್ತಿತ್ತು. ಎರ್ರಾನಿ ತಮ್ಮ ಸರ್ವ್‌ನಲ್ಲೂ ಒಂದು ಪಾಯಿಂಟ್ ಕಾಣಲಿಲ್ಲ. ಹದಿನೈದು ನಿಮಿಷದಲ್ಲಿ ಸೆಟ್ ಮುಗಿದುಹೋಯಿತು. ಗ್ರ್ಯಾನ್‌ಸ್ಲಾಮ್‌ನಲ್ಲಿ ಮಹಿಳೆಯೊಬ್ಬರು ಆಡಿದ ಮೊದಲ ಗೋಲ್ಡನ್ ಸೆಟ್ ಅದು. ವೃತ್ತಿಪರ ಟೆನಿಸ್‌ನಲ್ಲಿ ಅದಕ್ಕೆ ಮೊದಲು ಹೆಸರಿಸುತ್ತಿದ್ದುದು 1983ರಲ್ಲಿ ಅಮೆರಿಕದ ಬಿಲ್ ಸ್ಕ್ಯಾನ್ಲನ್ ಆಡಿದ ಸೆಟ್ ಅನ್ನು. ಇನ್ನೂ ವಿಶೇಷವೆಂದರೆ, 2006ರಲ್ಲಿ ಮೆಂಫಿಸ್‌ನಲ್ಲಿ ಏಮಿ ಫ್ರೇಜಿಯರ್ ವಿರುದ್ಧ ಹದಿನೆಂಟರ ಶ್ವೆಡೋವಾ ಮೊದಲ ಇಪ್ಪತ್ತಮೂರು ಪಾಯಿಂಟ್‌ಗಳನ್ನು ಸತತವಾಗಿ ಗೆದ್ದು, ಇಪ್ಪತ್ತನಾಲ್ಕನೆಯದನ್ನು ಕಳೆದುಕೊಂಡು, ಕೊನೆಗೆ ಪಂದ್ಯವನ್ನೇ 6–1, 0–6, 0–6ರಿಂದ ಸೋತಿದ್ದರು. ಅದೇ ಕೈ, ಅದೇ ಹೊಡೆತ. ನಡುವೆ ಆರು ವರ್ಷ. ಎರ್ರಾನಿ ವಿರುದ್ಧ 6–0, 6–4ರಿಂದ ಗೆದ್ದ ಅವರು ಮುಂದಿನ ಸುತ್ತಿನಲ್ಲಿ ಸೆರೆನಾ ವಿಲಿಯಮ್ಸ್ ಅವರನ್ನು ಮೂರನೇ ಸೆಟ್‌ನ 7–5ರವರೆಗೆ ಎಳೆದುಕೊಂಡು ಹೋದರು. ಆ ವರ್ಷದ ಚಾಂಪಿಯನ್ ಸೆರೆನಾ.

ಈ ಪುನರಾಗಮನದ ಶ್ರೇಯಸ್ಸು ಮೊದಲಿಗೆ ಆಟಗಾರ್ತಿಯದೇ. ಆದರೂ ಮೊಣಕಾಲು ಸರಿಯಾಗುವವರೆಗೆ, ಅರ್ಹತಾ ಸುತ್ತುಗಳನ್ನು ಆಡುತ್ತ ಮೇಲೇರುವವರೆಗೆ, ಒಂದು ಫೆಡರೇಷನ್ನಿನ ಪಟ್ಟಿಯಲ್ಲಿ ಮೊದಲ ಹೆಸರಾಗಿರುವುದಕ್ಕೂ ಇನ್ನೊಂದರ ಪಟ್ಟಿಯ ತಳದಲ್ಲಿರುವುದಕ್ಕೂ ಬಹಳ ಅಂತರವಿದೆ. ಅವರು 2012ರಲ್ಲಿ ಸಿಂಗಲ್ಸ್‌ನಲ್ಲಿ ವಿಶ್ವದ 25ನೇ ಸ್ಥಾನಕ್ಕೆ, 2016ರಲ್ಲಿ ಡಬಲ್ಸ್‌ನಲ್ಲಿ 3ನೇ ಸ್ಥಾನಕ್ಕೆ ಏರಿದರು. 2016ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್ ಕ್ವಾರ್ಟರ್‌ಫೈನಲ್ ಮತ್ತು ಡಬಲ್ಸ್ ಫೈನಲ್ ಎರಡನ್ನೂ ಆಡಿದರು. ಆನಂತರ ಗಾಯ, ಅವಳಿ ಮಕ್ಕಳ ತಾಯ್ತನ, ಸಣ್ಣದೊಂದು ಮರಳುವಿಕೆ, ನಿವೃತ್ತಿ.

ಅವರು ತೆರೆದ ದಾರಿಯಲ್ಲಿ ಬಂದವರು ಇನ್ನೂ ದೂರ ಹೋದರು. ಮಾಸ್ಕೋದಲ್ಲೇ ಹುಟ್ಟಿ ಬೆಳೆದ ಎಲೆನಾ ರಿಬಾಕಿನಾ 2018ರಲ್ಲಿ, ಶ್ವೆಡೋವಾ ಬೆಂಗಳೂರಿನಲ್ಲಿ ಗೆದ್ದಾಗಿನ ವಯಸ್ಸಿನಲ್ಲೇ, ಕಜಕಸ್ತಾನಕ್ಕೆ ಬಂದರು. ಆಗ ಅವರು ಮೊದಲ ನೂರರ ಹೊರಗಿದ್ದರು. ಅಮೆರಿಕದ ಕಾಲೇಜೊಂದಕ್ಕೆ ಸೇರುವ ಆಲೋಚನೆಯೂ ಮನೆಯಲ್ಲಿತ್ತು. 2022ರಲ್ಲಿ ಉಕ್ರೇನ್ ಮೇಲಿನ ದಾಳಿಯ ಕಾರಣಕ್ಕೆ ವಿಂಬಲ್ಡನ್ ರಷ್ಯಾ ಮತ್ತು ಬೆಲರೂಸ್ ಆಟಗಾರರನ್ನು ಹೊರಗಿಟ್ಟಿತು. ಅದೇ ವಿಂಬಲ್ಡನ್ ಅನ್ನು ರಿಬಾಕಿನಾ ಗೆದ್ದರು. ಫೈನಲ್‌ನಲ್ಲಿ ಒನ್ಸ್ ಜಬೇರ್ ವಿರುದ್ಧ 3–6, 6–2, 6–2. ಮಗಳು ಗೆದ್ದದ್ದನ್ನು ಮಾಸ್ಕೋದಲ್ಲಿದ್ದ ತಂದೆತಾಯಿ ದೂರದಿಂದಲೇ ನೋಡಿದರು. ಅವರ ಬಗ್ಗೆ ಪತ್ರಕರ್ತರು ಕೇಳಿದಾಗ, ಅಂಕಣದಲ್ಲಿ ಮುಖದ ಒಂದು ಗೆರೆಯನ್ನೂ ಬದಲಿಸದಿದ್ದ ರಿಬಾಕಿನಾ ಅವರ ಕಣ್ಣು ತುಂಬಿಬಂತು. ಅತ್ತ ರಷ್ಯಾ ಟೆನಿಸ್ ಫೆಡರೇಷನ್ನಿನ ಅಧ್ಯಕ್ಷ ಶಮಿಲ್ ತಾರ್ಪಿಶ್ಚೆವ್ ಇದನ್ನು ರಷ್ಯಾದ ತರಬೇತಿಯ ಗೆಲುವೆಂದು ಬಣ್ಣಿಸಿದರು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲ ಎನ್ನಲಾಗದು. ಆದರೆ ಹತ್ತೊಂಬತ್ತರಲ್ಲಿ ಕೈಬಿಟ್ಟವಳನ್ನು ಇಪ್ಪತ್ತಮೂರರಲ್ಲಿ ತನ್ನವಳೆನ್ನುವ ಹಕ್ಕು ಅಷ್ಟು ಸುಲಭವಾಗಿ ಮರಳಿ ಬರುವುದಿಲ್ಲ. 2025ರ ನವೆಂಬರ್‌ನಲ್ಲಿ ರಿಬಾಕಿನಾ ರಿಯಾದ್‌ನಲ್ಲಿ ವರ್ಷಾಂತ್ಯದ ಡಬ್ಲ್ಯುಟಿಎ ಫೈನಲ್ಸ್ ಕೂಡ ಗೆದ್ದರು.

ಈಗಿನ ಅಲೆ ಹಿಂದಿನದಕ್ಕಿಂತ ಭಿನ್ನವಾಗಿರುವುದು ಇಲ್ಲಿಯೇ. 2008ರಲ್ಲಿ ರಷ್ಯಾದ ಪಟ್ಟಿ ತುಂಬಿ ತುಳುಕುತ್ತಿತ್ತು. ಹೊರಟವರು ಜಾಗ ಹುಡುಕಿಕೊಂಡು ಹೋದರು. 2022ರ ನಂತರ ಆ ಪಟ್ಟಿಯನ್ನೇ ಬದಿಗಿಡಲಾಗಿದೆ. ಡೇವಿಸ್ ಕಪ್ ಮತ್ತು ಬಿಲ್ಲಿ ಜೀನ್ ಕಿಂಗ್ ಕಪ್ ಎರಡನ್ನೂ 2021ರಲ್ಲಿ ಗೆದ್ದಿದ್ದ ರಷ್ಯಾ ಮರುವರ್ಷವೇ ಎರಡರಿಂದಲೂ ಅಮಾನತಾಯಿತು. ಆಟಗಾರರು ಟೂರ್ನಿಗಳಲ್ಲಿ ಆಡಬಹುದು, ಆದರೆ ಹೆಸರಿನ ಪಕ್ಕದಲ್ಲಿ ಬಾವುಟವಿರುವುದಿಲ್ಲ. ಟಿ.ವಿ. ಪರದೆಯ ಮೇಲೆ ಸ್ಕೋರು ಮೂಡುವಾಗ ಒಬ್ಬರ ಹೆಸರಿನ ಮುಂದೆ ಬಣ್ಣದ ಚೌಕ, ಇನ್ನೊಬ್ಬರ ಹೆಸರಿನ ಮುಂದೆ ಖಾಲಿ ಜಾಗ. ತಾನು ಆರಂಭಿಸದ ಯುದ್ಧಕ್ಕೆ ಈ ಖಾಲಿ ಜಾಗವನ್ನು ವರ್ಷಗಟ್ಟಲೆ ಹೊತ್ತು ತಿರುಗುವುದು ಇಪ್ಪತ್ತೆರಡರ ಹುಡುಗಿಗೆ ಭಾರವಾಗುತ್ತದೆ. ಅದನ್ನು ಇಳಿಸಿಕೊಳ್ಳಬಯಸಿದರೆ ದೂರುವುದು ನನಗೆ ಸಾಧ್ಯವಿಲ್ಲ. ಉಕ್ರೇನ್‌ನ ಆಟಗಾರ್ತಿಯರ ಊರುಗಳ ಮೇಲೆ ಬಾಂಬು ಬೀಳುತ್ತಿರುವಾಗ ಈ ಭಾರ ಅದಕ್ಕೆ ಹೋಲಿಸುವಂಥದ್ದಲ್ಲ ಎಂಬುದನ್ನು ಮರೆಯದೆಯೇ ಈ ಮಾತು ಹೇಳುತ್ತಿದ್ದೇನೆ.

ಕಸತ್ಕಿನಾ ಅವರ ವಿಷಯ ಬೇರೆಯೇ. 2022ರಲ್ಲಿ ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ, ಯುದ್ಧವನ್ನೂ ಖಂಡಿಸಿದ ಆಟಗಾರ್ತಿ ಅವರು. 2023ರಲ್ಲಿ ರಷ್ಯಾದ ಸುಪ್ರೀಂ ಕೋರ್ಟ್ ಲೈಂಗಿಕ ಅಲ್ಪಸಂಖ್ಯಾತರ ಚಳವಳಿಯನ್ನೇ ಉಗ್ರಗಾಮಿ ಎಂದು ಘೋಷಿಸಿತು. ಅವರಿಗೆ ಹೊಸ ದೇಶ ಬೇಕಾಗಿದ್ದುದು ಫೆಡರೇಷನ್ನಿನ ಹಣಕ್ಕಾಗಿ ಅಲ್ಲ, ಬಾಗಿಲು ತೆರೆದಿರುವ ಮನೆಗಾಗಿ. ಶ್ವೆಡೋವಾ ಅವರನ್ನೂ ಕಸತ್ಕಿನಾ ಅವರನ್ನೂ ಉಜ್ಬೆಕಿಸ್ತಾನಕ್ಕೆ ಹೋದ ಮೂವರನ್ನೂ ಒಂದೇ ಪದದಲ್ಲಿ, ‘ಪಾಸ್‌ಪೋರ್ಟ್ ಬದಲಿಸಿದವರು’ ಎಂದು ಕರೆಯುವುದು ಅವರ ಬದುಕುಗಳನ್ನು ಓದದೆ ಮುಚ್ಚಿಡುವುದಾಗುತ್ತದೆ.

ಹಾಗಾದರೆ ಯಾರೂ ಏನನ್ನೂ ಕೇಳುವಂತಿಲ್ಲವೇ? ಕೇಳಬೇಕು, ಆದರೆ ಪ್ರಶ್ನೆಯನ್ನು ಆಟಗಾರ್ತಿಗಲ್ಲ, ಫೆಡರೇಷನ್‌ಗಳಿಗೆ ಹಾಕಬೇಕು. ಫುಟ್‌ಬಾಲ್‌ನಲ್ಲಿ ಆಟಗಾರ ದೊಡ್ಡ ಕ್ಲಬ್ಬಿಗೆ ಮಾರಾಟವಾದಾಗ ಬಾಲ್ಯದಲ್ಲಿ ಅವನನ್ನು ತಯಾರು ಮಾಡಿದ ಕ್ಲಬ್ಬುಗಳಿಗೆ ವರ್ಗಾವಣೆ ಮೊತ್ತದ ಶೇ 5ರವರೆಗೆ ಪಾಲು ಸಲ್ಲುವ ನಿಯಮವನ್ನು ಫಿಫಾ ಇಟ್ಟಿದೆ. ಟೆನಿಸ್‌ನಲ್ಲಿ ಅಂಥದ್ದು ಇಲ್ಲ. ಆರು ವರ್ಷದ ಮಗುವಿಗೆ ರ‍್ಯಾಕೆಟ್ ಹಿಡಿಯಲು ಕಲಿಸಿದ ಕೋಚ್‌ಗೂ, ಅಂಕಣ ಬಿಟ್ಟುಕೊಟ್ಟ ಊರಿನ ಕ್ಲಬ್ಬಿಗೂ ಹದಿನೆಂಟರ ನಂತರ ಕರೆದೊಯ್ದವರಿಂದ ಏನೂ ಬರುವುದಿಲ್ಲ. ಇನ್ನು ನಿಯಮಗಳ ವಿಷಯ. 2015ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಒಂದು ದೇಶದ ಪರ ತಂಡ ಸ್ಪರ್ಧೆ ಆಡಿದವರು ಇನ್ನೊಂದು ದೇಶದ ಪರ ಆಡುವುದಕ್ಕೆ ಕಡಿವಾಣ ಹಾಕಿತು. ಸ್ಲೊವೇನಿಯಾದ ಅಲ್ಯಾಜ್ ಬೆದೆನೆ ಬ್ರಿಟನ್ ಪೌರತ್ವ ಪಡೆದ ಮೇಲೂ ಡೇವಿಸ್ ಕಪ್‌ನಲ್ಲಿ ಬ್ರಿಟನ್ ಪರ ಆಡಲಾಗದೆ ಕೊನೆಗೆ ಸ್ಲೊವೇನಿಯಾಕ್ಕೇ ಮರಳಿದ್ದು ಈ ಕಾರಣಕ್ಕೆ. ವಲಸೆಯನ್ನು ತಡೆಯಲೆಂದು ತಂದ ಈ ನಿಯಮ ಕರೆದೊಯ್ಯುವವರು ಇನ್ನಷ್ಟು ಬೇಗ ಬರುವಂತೆ ಮಾಡಿದೆ ಎಂಬುದು ನನ್ನ ಅನುಮಾನ: ಹಿರಿಯರ ತಂಡಕ್ಕೆ ಆಡುವ ಮೊದಲೇ, ಹದಿನೆಂಟು–ಹತ್ತೊಂಬತ್ತರಲ್ಲೇ ಮಾತು ಮುಗಿಸುವುದು ಎಲ್ಲರಿಗೂ ಲಾಭ.

ಕಜಕಸ್ತಾನಕ್ಕೂ ಒಂದು ಪ್ರಶ್ನೆಯಿದೆ. ಹದಿನೆಂಟು ವರ್ಷಗಳ ನಂತರವೂ ಅದರ ಮುಂಚೂಣಿಯ ಹೆಸರುಗಳು ರಿಬಾಕಿನಾ, ಯೂಲಿಯಾ ಪುಟಿನ್‌ತ್ಸೆವಾ, ಅಲೆಕ್ಸಾಂಡರ್ ಬುಬ್ಲಿಕ್, ಅಲೆಕ್ಸಾಂಡರ್ ಶೆವ್‌ಚೆಂಕೊ. ನಾಲ್ವರೂ ರಷ್ಯಾದಲ್ಲಿ ಹುಟ್ಟಿದವರು. ಅಲ್ಮಾಟಿಯಲ್ಲೇ ಹುಟ್ಟಿ ವಿಶ್ವದ 31ನೇ ಸ್ಥಾನದವರೆಗೆ ಏರಿದ ಜರೀನಾ ದಿಯಾಸ್ ಇದ್ದರಾದರೂ ಅವರು ಬೆಳೆದದ್ದು ಪ್ರಾಗ್‌ನಲ್ಲಿ. ಅಂಕಣಗಳು ಎದ್ದಿವೆ, ಪುರುಷರ ಎಟಿಪಿ ಟೂರ್ನಿ ಅಸ್ತಾನಾದಲ್ಲಿ ನಡೆದು ಈಗ ಅಲ್ಮಾಟಿಗೆ ಬಂದಿದೆ, ಶಾಲಾಮಕ್ಕಳು ರಿಬಾಕಿನಾ ಅವರ ಚಿತ್ರ ನೋಡಿ ರ‍್ಯಾಕೆಟ್ ಹಿಡಿಯುತ್ತಿದ್ದಾರೆ. ಇದು ಸಣ್ಣ ಸಾಧನೆಯಲ್ಲ. ಆದರೆ ನಾಟಿಯ ಪೈರನ್ನೇ ನಂಬಿದ ಗದ್ದೆಯಲ್ಲಿ ಸ್ವಂತ ಸಸಿಮಡಿ ಇನ್ನೂ ತುಂಬಿಲ್ಲ.

ನಮ್ಮಲ್ಲೂ ಈ ಚರ್ಚೆ ಬೇರೆ ರೂಪದಲ್ಲಿ ಬಂದುಹೋಗಿದೆ. 2008ರ ಕೊನೆಯಲ್ಲಿ ಕೇಂದ್ರ ಸರ್ಕಾರ ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ದೇಶದ ಪರ ಆಡಬಹುದು ಎಂದು ನಿರ್ಧರಿಸಿದ ಮೇಲೆ, ಅಮೆರಿಕದ ಪೌರರಾಗಿದ್ದ ಪ್ರಕಾಶ್ ಅಮೃತರಾಜ್ ಅವರಿಗೆ ಡೇವಿಸ್ ಕಪ್ ಬಾಗಿಲು ಮುಚ್ಚಿತು. 2025ರಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. ಅವರನ್ನು ಇಲ್ಲಿನ ಅಭಿಮಾನಿಗಳು ಸಂತೋಷದಿಂದ ಸ್ವಾಗತಿಸಿದರು. ಪರ್ತ್‌ನಲ್ಲಿ ಅವರಿಗೆ ಆಟ ಕಲಿಸಿದವರ ಬಗ್ಗೆ ನಾವು ಯಾರೂ ಕೇಳಲಿಲ್ಲ. ಬರುವವರನ್ನು ಅಪ್ಪಿಕೊಳ್ಳುವ ಮನಸ್ಸು ಹೋಗುವವರನ್ನು ಶಪಿಸುವಾಗ ತನ್ನ ಅಳತೆಗೋಲನ್ನು ಬದಲಿಸಿಕೊಂಡಿರುತ್ತದೆ.

ಉಜ್ಬೆಕಿಸ್ತಾನದಲ್ಲಿ ಮುಂದೇನಾಗುತ್ತದೆ ಎಂಬುದನ್ನು ಗಮನಿಸಬೇಕಿದೆ. 1999ರಿಂದ 2019ರವರೆಗೆ ನಡೆದ ಡಬ್ಲ್ಯುಟಿಎ ತಾಷ್ಕೆಂಟ್ ಓಪನ್ ನಿಂತುಹೋಗಿದೆ, 2008ರ ನಂತರ ಬೆಂಗಳೂರಿನ ಟೂರ್ನಿ ನಿಂತಂತೆಯೇ. ಆಟಗಾರ್ತಿಯರು ಬಂದಿದ್ದಾರೆ, ಟೂರ್ನಿ ಇಲ್ಲ. ಪೊಲಿನಾ ಕುದೆರ್ಮೆತೋವಾ ಅವರ ಅಕ್ಕ ವೆರೋನಿಕಾ 2025ರ ವಿಂಬಲ್ಡನ್ ಡಬಲ್ಸ್ ಅನ್ನು ಬೆಲ್ಜಿಯಂನ ಎಲಿಸ್ ಮೆರ್ಟೆನ್ಸ್ ಜೊತೆ ಗೆದ್ದವರು, ರಷ್ಯಾವನ್ನು ಬಿಡದೆ ಉಳಿದವರು. ಇನ್ನು ಮುಂದೆ ಅಕ್ಕ–ತಂಗಿ ಒಂದೇ ಟೂರ್ನಿಯ ಡ್ರಾದಲ್ಲಿ ಬಂದಾಗ ತಂಗಿಯ ಹೆಸರಿನ ಪಕ್ಕ ಉಜ್ಬೆಕಿಸ್ತಾನದ ಬಾವುಟವಿರುತ್ತದೆ, ಅಕ್ಕನ ಹೆಸರಿನ ಪಕ್ಕದ ಜಾಗ ಖಾಲಿಯಾಗಿಯೇ ಇರುತ್ತದೆ.